ನಿಸ್ತಂತು ಮೌಸ್‌ನ ತಲೆಮಾರುಗಳು ಮತ್ತು ನಮ್ಮ ಮಣಿಕಟ್ಟು

ಬ್ಯಾಂಕು, ಶಾಲೆ, ಪಂಚಾಯಿತಿ ಕಚೇರಿ, ಅಂಗಡಿಯ ಲೆಕ್ಕಪತ್ರ, ಹೀಗೆ ಕಾಯಕ ಯಾವುದೇ ಇರಲಿ, ಇಂದು ಅನೇಕರ ಬಲಗೈ ದಿನದ ಹಲವು ತಾಸು ಕಂಪ್ಯೂಟರ್ ಮೌಸ್‌ನ ಮೇಲಿರುತ್ತದೆ. ತಂತಿಯಿಲ್ಲದ ಹೊಸ ಮೌಸ್ ಕೊಂಡರೆ ಕೈನೋವು ನಿಲ್ಲುವುದೆಂಬ ನಂಬಿಕೆ ಸದ್ಭಕ್ತರಲ್ಲಿ ಹಲವರಿಗಿದೆ. ಅದರಲ್ಲಿ ಹುರುಳೆಷ್ಟೆಂದು ತಿಳಿಯಲು ಈ ಸಾಧನ ನಡೆದು ಬಂದ ದಾರಿಯನ್ನು ನೋಡೋಣ.

1984ರಲ್ಲಿ ಲಾಜಿಟೆಕ್ ಸಂಸ್ಥೆ ರೂಪಿಸಿದ ನಿಸ್ತಂತು ಮೌಸ್ ಟಿ.ವಿ. ರಿಮೋಟಿನಂತೆ ಇನ್‌ಫ್ರಾರೆಡ್ ಕಿರಣವನ್ನು ಅವಲಂಬಿಸಿತ್ತು. ನಡುವೆ ಪುಸ್ತಕವೊಂದು ಅಡ್ಡ ಬಂದರೂ ಸಂಪರ್ಕ ಕಡಿಯುತ್ತಿತ್ತು. 1991ರಲ್ಲಿ ಅದೇ ಸಂಸ್ಥೆ ರೇಡಿಯೊ ತರಂಗದ ಮೌಸ್ ತಂದಾಗ ಈ ತೊಡಕು ನೀಗಿತು. ಆದರೂ ಹೊಟ್ಟೆಯೊಳಗಿನ ಚೆಂಡು ಉಳಿಯಿತು. ಅದಕ್ಕೆ ಧೂಳು ಮೆತ್ತಿದರೆ ಮೌಸ್ ತಡವರಿಸುವುದು, ಕೈ ಅದನ್ನು ಇನ್ನಷ್ಟು ಒತ್ತುವುದು. ಬೆಳಕಿನಿಂದ ಚಲನೆಯನ್ನು ಗುರುತಿಸುವ ಮೌಸ್‌ಗಳು 1999ರ ನಂತರ ಮನೆಮನೆಗೆ ಬಂದವು. ನಮ್ಮ ದೃಷ್ಟಿಯಲ್ಲಿ ಕೈಗೆ ನಿಜವಾದ ಉಪಕಾರವಾದದ್ದು ಇದರಿಂದಲೇ.

ಅನಂತರದ ಸುಧಾರಣೆಗಳು ಹೆಚ್ಚಾಗಿ ಯಂತ್ರದವು. ಅದೇ ಸಂಸ್ಥೆಯ ಎಂಎಕ್ಸ್ ಮಾಸ್ಟರ್ ಶ್ರೇಣಿಯನ್ನೇ ನೋಡಬಹುದು. 2015ರ ಮೌಸ್‌ನ ಸಂವೇದನೆ ಅಂಗುಲಕ್ಕೆ 1600 ಬಿಂದು; 2022ರ 3ಎಸ್ ಮಾದರಿಯಲ್ಲಿ ಅದು 8000. ತೂಕ ಮಾತ್ರ 145 ಗ್ರಾಮಿನಿಂದ 141ಕ್ಕೆ ಇಳಿದಿದೆ, ಅಷ್ಟೇ. ಸಂವೇದನೆ ಹೆಚ್ಚಿದರೆ ಸಣ್ಣ ಚಲನೆಯಲ್ಲೇ ದೊಡ್ಡ ಪರದೆಯನ್ನು ದಾಟಬಹುದೆಂಬುದು ನಿಜ. ಅತಿಯಾದರೆ ಬಾಣದ ಗುರುತನ್ನು ಒಂದೆಡೆ ನಿಲ್ಲಿಸಲು ಬೆರಳುಗಳು ಬಿಗಿಯಾಗುತ್ತವೆ. ಇವುಗಳ ರೇಡಿಯೊ ತರಂಗದಿಂದ ಅಪಾಯವೇ ಎಂದು ಕೇಳುವವರೂ ಇದ್ದಾರೆ. ಅದರ ಶಕ್ತಿ ಮೊಬೈಲ್ ಫೋನಿನದಕ್ಕಿಂತ ಬಹಳ ಕಡಿಮೆ.

2018ರಲ್ಲಿ ಬಂದ ಎಂಎಕ್ಸ್ ವರ್ಟಿಕಲ್ ಕೈಯನ್ನು 57 ಡಿಗ್ರಿ ಓರೆಯಾಗಿ ನಿಲ್ಲಿಸುತ್ತದೆ. ನೀರಿನ ಲೋಟ ಹಿಡಿದಾಗ ಕೈ ಇರುವ ರೀತಿಗೆ ಇದು ಹತ್ತಿರ. ಅಂಗೈಯನ್ನು ಕವುಚಿ ಹಾಕಿದಾಗ ಮುಂಗೈಗೆ ಆಗುವ ತಿರುಚು ಇದರಲ್ಲಿ ಕಡಿಮೆ. ಆದರೆ ಮಣಿಕಟ್ಟಿನ ನರದ ಮೇಲಿನ ಒತ್ತಡವೂ ಇಳಿಯುವುದೆಂದು ನೆಚ್ಚಿಕೊಳ್ಳಲಾಗದು.

ಆ ನರದ ಹೆಸರು ಮೀಡಿಯನ್. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದೊಳಗೆ ಸ್ನಾಯುರಜ್ಜುಗಳೊಡನೆ ಸಾಗುವ ಅದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನ ನೀಡುತ್ತದೆ. ನಾವು ಹಣೆಗೆ ವಿಭೂತಿ ಧರಿಸುವ ಬೆರಳುಗಳೂ ಬಹುಮಟ್ಟಿಗೆ ಇವೇ. ಮಣಿಕಟ್ಟು ಮೇಲಕ್ಕೆ ಬಾಗಿ ತಾಸುಗಟ್ಟಲೆ ಮೇಜಿನ ಅಂಚಿಗೆ ಒತ್ತಿಕೊಂಡಿದ್ದರೆ ಈ ನರ ನಲುಗುತ್ತದೆ, ಮೌಸ್ ಯಾವ ತಲೆಮಾರಿನದಾದರೂ ಸರಿಯೇ.

ತಂತಿ ಇಲ್ಲದಿರುವುದರ ನಿಜವಾದ ಲಾಭವೆಂದರೆ ಮೌಸನ್ನು ಬೇಕಾದಲ್ಲಿ ಇಡಬಹುದು. ಮೊಣಕೈ ಪಕ್ಕೆಗೆ ಹತ್ತಿರವಿರುವಂತೆ ಕೀಲಿಮಣೆಯ ಪಕ್ಕದಲ್ಲೇ ಇಟ್ಟು, ಮುಂಗೈಯನ್ನು ಮೇಜಿನ ಮೇಲೆ ಹಗುರವಾಗಿ ಊರಿ, ಮಣಿಕಟ್ಟಿನ ಬದಲು ಮೊಣಕೈಯಿಂದ ಆಡಿಸಬೇಕು. ಆಗಾಗ ಕೈ ಬದಲಿಸುವುದೂ ಉಂಟು. ಆದರೆ ಬಲಗೈಗೆಂದೇ ಅಚ್ಚು ಹಾಕಿದ ದುಬಾರಿ ಮೌಸ್ ಇದಕ್ಕೆ ಒದಗದು, ಎರಡೂ ಬದಿ ಸಮನಾದ ಅಗ್ಗದ ಮೌಸ್ ಒದಗುತ್ತದೆ. ಇದೇ ಸೌಲಭ್ಯವನ್ನು ಹಾಸಿಗೆಯ ಮೇಲೆ, ತೊಡೆಯ ಮೇಲೆ ಮೌಸ್ ಆಡಿಸಲು ಬಳಸಿದರೆ ಕೇಡೇ ಹೆಚ್ಚು.

ಕೊಳ್ಳುವಾಗ ಅಂಗಡಿಯಲ್ಲೇ ಹಿಡಿದು ನೋಡಬೇಕು. ಬೆರಳು ಚಾಚದೆ, ಮುದುಡದೆ ಗುಂಡಿಗಳನ್ನು ಮುಟ್ಟುವಂತಿರಲಿ. ಒಂದು ಎಎ ಶೆಲ್ಲಿನ ತೂಕವೇ ಸುಮಾರು 23 ಗ್ರಾಂ. ಎರಡು ಶೆಲ್ ಬೇಡುವ ಮೌಸನ್ನು ದಿನವಿಡೀ ಎತ್ತಿ ಇಡುವವರು ಇದನ್ನು ಗಮನಿಸಬೇಕು.

ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದರೆ ಹಿತವೆನಿಸುವುದು, ಪೂಜೆಯ ವೇಳೆ ಪತ್ರೆ ಬೆರಳಿಂದ ಜಾರುವುದು, ಇವು ಈ ನರ ನಲುಗಿದುದರ ಕುರುಹಾಗಿರಬಹುದು. ಮಧುಮೇಹ, ಥೈರಾಯ್ಡ್ ಕೊರತೆ ಇರುವವರಲ್ಲಿ ಹಾಗೂ ಗರ್ಭಿಣಿಯರಲ್ಲಿ ಮೌಸ್ ಮುಟ್ಟದಿದ್ದರೂ ಇದು ಬರಬಹುದು. ಆರಂಭದಲ್ಲೇ ವೈದ್ಯರಿಗೆ ತೋರಿಸಿದರೆ ರಾತ್ರಿ ಮಣಿಕಟ್ಟಿಗೆ ಕಟ್ಟುವ ಪಟ್ಟಿಯಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿದಂತೆ ಕಂಡರೆ ತಡಮಾಡಬಾರದು. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯಾದರೂ ಕಳೆದುಹೋದ ಬಲ ಪೂರ್ತಿ ಮರಳದಿರಬಹುದು.