ಅಲಗು ಹಿಡಿಯುವ ಅರ್ಹತೆ: ಕರಗದ ವೀರಕುಮಾರರ ದೀಕ್ಷಾ ಪರಂಪರೆ

ಬೆಂಗಳೂರಿನ ಹಳೆಯ ಪೇಟೆಯನ್ನು ಉದ್ದಕ್ಕೆ ಸೀಳಿಕೊಂಡು ಸಾಗುವ ಅವೆನ್ಯೂ ರಸ್ತೆ, ದೊಡ್ಡಪೇಟೆಯೆಂಬ ಹಳೆಯ ಹೆಸರಿನ ಕಾಲದಿಂದಲೂ ವ್ಯಾಪಾರಕ್ಕೆ ಮೀಸಲಾದ ಬೀದಿಯಾಗಿದ್ದು, ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ ಮಾತ್ರ ಬಿಚ್ಚುಗತ್ತಿ ಹಿಡಿದ ವ್ರತಧಾರಿಗಳ ಹಾದಿಯಾಗುತ್ತದೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ನಡುರಾತ್ರಿಯ ನಂತರ ಹೊರಡುವ ಹೂವಿನ ಕರಗವನ್ನು ಸುತ್ತುವರಿದು ನಡೆಯುವ ಇವರೇ ವೀರಕುಮಾರರು. ಕರಗ ಎಂದರೆ ಮೂಲಾರ್ಥದಲ್ಲಿ ನೀರಿನ ಕುಂಭ. ಆಚರಣೆಯಲ್ಲಿ ಅದು ದ್ರೌಪದಿಯ ಶಕ್ತಿ ನೆಲೆಸಿದ ಕಳಶ. ಲಕ್ಷಾಂತರ ಕಣ್ಣುಗಳು ಮಲ್ಲಿಗೆಯಿಂದ ಅಲಂಕೃತವಾದ ಆ ಕಳಶದ ಮೇಲೆಯೇ ನೆಡುವುದು ಸಹಜವಾದರೂ, ಅದನ್ನು ಕಾಯುವ ಬಳಗಕ್ಕೆ ಹೊಸಬರು ಹೇಗೆ ಸೇರುತ್ತಾರೆ, ಯಾವುದು ಅವರನ್ನು ಅರ್ಹರನ್ನಾಗಿಸುತ್ತದೆ ಎಂಬ ವಿಚಾರವೂ ಅಷ್ಟೇ ಗಮನಾರ್ಹವಾದುದು.

ಈ ಬಳಗದ ಹುಟ್ಟನ್ನು ಸಮುದಾಯದ ಐತಿಹ್ಯವು ಮಹಾಭಾರತದ ಕಥೆಯ ಕೊನೆಗೆ ಜೋಡಿಸುತ್ತದೆ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ಹಿಂದೆ ಉಳಿದ ದ್ರೌಪದಿಗೆ ತಿಮಿರಾಸುರನೆಂಬ ರಾಕ್ಷಸನು ಎದುರಾಗಲು, ಆಕೆ ಆದಿಶಕ್ತಿಯ ರೂಪ ತಾಳಿ, ವೀರಕುಮಾರರ ಪಡೆಯನ್ನು ಸೃಷ್ಟಿಸಿ ಅವನನ್ನು ಗೆದ್ದಳು. ತಮ್ಮನ್ನು ಬಿಟ್ಟು ಹೋಗದಿರುವಂತೆ ಆ ಮಕ್ಕಳು ಬೇಡಿಕೊಂಡಾಗ, ವರ್ಷದ ಮೊದಲ ಮಾಸದ ಹುಣ್ಣಿಮೆಗೆ ತಾನು ಮರಳಿ ಬರುವುದಾಗಿ ಮಾತು ಕೊಟ್ಟಳು. ಹೀಗಾಗಿ ವೀರಕುಮಾರನೆಂದರೆ ದೇವಿಯ ಸೈನಿಕನೂ ಹೌದು, ಮಗನೂ ಹೌದು. ಬಳಗದ ಎಲ್ಲರೂ ಒಂದೇ ತಾಯಿಯ ಮಕ್ಕಳಾದ ಕಾರಣ ಅವರ ನಡುವಿನ ಸಂಬಂಧ ಅಣ್ಣತಮ್ಮಂದಿರದು.

ಈ ಪರಂಪರೆಯನ್ನು ನಡೆಸಿಕೊಂಡು ಬಂದಿರುವ ತಿಗಳರು ಹೂವು, ಹಣ್ಣು, ತರಕಾರಿ ಬೆಳೆಯುವ ತೋಟಗಾರಿಕೆಯಲ್ಲಿ ಹೆಸರಾದವರು. ಅವರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುತ್ತಾರೆ. ವಹ್ನಿ ಎಂದರೆ ಅಗ್ನಿ, ದ್ರೌಪದಿಯೂ ಯಜ್ಞಕುಂಡದಿಂದ ಹುಟ್ಟಿದವಳು. ವರ್ಷವಿಡೀ ಗುದ್ದಲಿ ಹಿಡಿದ ಕೈ ಕೆಲವು ದಿನಗಳ ಮಟ್ಟಿಗೆ ಕತ್ತಿ ಹಿಡಿಯುವುದರಲ್ಲಿ, ತಾವು ಯೋಧರೆಂಬ ಕುಲದ ನೆನಪು ವರ್ಷಕ್ಕೊಮ್ಮೆ ಎಚ್ಚರಗೊಳ್ಳುತ್ತದೆ.

ವೀರಕುಮಾರನಾಗಲು ಮೊದಲು ಬೇಕಾದದ್ದು ಕುಲದ ಹುಟ್ಟು. ಸಾಮಾನ್ಯವಾಗಿ ಮನೆತನದ ಹಿರಿಯರು ಮಾಡಿಕೊಂಡು ಬಂದ ಸೇವೆಯನ್ನು ಕಿರಿಯರು ಮುಂದುವರಿಸುತ್ತಾರೆ. ಆದರೆ ಹುಟ್ಟಿನಿಂದ ಸಿಗುವುದು ಬಾಗಿಲ ತನಕದ ಪ್ರವೇಶ ಮಾತ್ರ. ಒಳಗೆ ಕಾಲಿಡಲು ದೀಕ್ಷೆ ಬೇಕು. ದೀಕ್ಷೆಯೆಂದರೆ ವ್ರತದ ನಿಯಮಗಳಿಗೆ ತನ್ನನ್ನು ಕಟ್ಟಿಕೊಳ್ಳುವುದು. ದೀಕ್ಷೆ ಪಡೆದವನು ಉತ್ಸವದ ದಿನಗಳಲ್ಲಿ ಮದ್ಯಮಾಂಸಗಳನ್ನು ತೊರೆದು, ಬ್ರಹ್ಮಚರ್ಯವನ್ನು ಪಾಲಿಸಿ, ಮಡಿಯಿಂದ ಇರಬೇಕು. ಹಳೆಯ ಪೇಟೆಯ ಗರಡಿ ಮನೆಗಳು, ಅಂದರೆ ಕುಸ್ತಿ ಮತ್ತು ಅಂಗಸಾಧನೆಯ ತಾಣಗಳು, ದೇಹವನ್ನು ಹದಗೊಳಿಸಿದರೆ, ವ್ರತವು ಮನಸ್ಸನ್ನು ಹದಗೊಳಿಸುತ್ತದೆ.

ಈ ಎರಡೂ ಹದಗಳು ಒಟ್ಟಿಗೆ ಪರೀಕ್ಷೆಗೆ ಒಳಗಾಗುವುದು ಅಲಗು ಸೇವೆಯಲ್ಲಿ. ಅಲಗು ಎಂದರೆ ಕತ್ತಿಯ ಬಾಯಿ. ಕಚ್ಚೆ ಪಂಚೆ ಉಟ್ಟು, ತಲೆಗೆ ಪೇಟ ಸುತ್ತಿ, ಬರಿಮೈಯಲ್ಲಿ ನಿಂತ ವೀರಕುಮಾರನು ಗೋವಿಂದನಾಮವನ್ನು ಕೂಗುತ್ತ ಅಲಗನ್ನು ತನ್ನ ಎದೆಗೆ ತಾಗಿಸಿಕೊಳ್ಳುತ್ತಾನೆ. ಶ್ರದ್ಧೆಯಿಂದ ವ್ರತ ನಡೆಸಿದವನಿಗೆ ಆ ಅಲಗು ಗಾಯ ಮಾಡದೆಂಬುದು ಭಕ್ತರ ನಂಬಿಕೆ. ಇಲ್ಲಿ ಹೊಸಬನ ಪರವಾಗಿ ಇನ್ನೊಬ್ಬರು ಸಾಕ್ಷಿ ನುಡಿಯುವ ಅಗತ್ಯವಿಲ್ಲ. ಅವನು ಎಲ್ಲರ ಎದುರಿನಲ್ಲಿ, ತನ್ನ ಎದೆಯನ್ನೇ ಮುಂದೊಡ್ಡಿ, ತಾನು ನಿಯಮ ತಪ್ಪಿಲ್ಲವೆಂದು ತಾಯಿಯ ಮುಂದೆ ಒಪ್ಪಿಸುತ್ತಾನೆ.

ಬಳಗಕ್ಕೆ ಹಿರಿಯರ ಕಣ್ಗಾವಲೂ ಉಂಟು. ಗೌಡ, ಗಣಾಚಾರಿ, ಕುಲಪುರೋಹಿತ, ಗಂಟೆ ಪೂಜಾರಿ ಮೊದಲಾದವರು ಉತ್ಸವದ ಬೇರೆ ಬೇರೆ ಹೊಣೆಗಳನ್ನು ಹೊತ್ತಿರುತ್ತಾರೆ. ಸಪ್ತಮಿಯ ಧ್ವಜಾರೋಹಣದಿಂದ ಮೊದಲ್ಗೊಂಡು, ತ್ರಯೋದಶಿಯಂದು ಸಂಪಂಗಿ ಕೆರೆಯಿದ್ದ ಜಾಗದಿಂದ ಹಸಿ ಕರಗವನ್ನು, ಅಂದರೆ ಹಸಿ ಮಣ್ಣಿನ ಕಳಶವನ್ನು, ತರುವವರೆಗೆ, ಅಲ್ಲಿಂದ ಹುಣ್ಣಿಮೆಯ ಶಕ್ತ್ಯುತ್ಸವದವರೆಗೆ, ಪ್ರತಿಯೊಂದು ಹಂತದಲ್ಲಿಯೂ ಕಿರಿಯನು ಹಿರಿಯರ ಜೊತೆಯಲ್ಲಿ ನಡೆಯುತ್ತ ಕಲಿಯುತ್ತಾನೆ. ಆ ಕೆರೆಯ ಬಹುಭಾಗವು ಇಂದು ಕಂಠೀರವ ಕ್ರೀಡಾಂಗಣವಾಗಿದ್ದರೂ, ವಿಧಿ ಮಾತ್ರ ಹಳೆಯ ನೀರಿನ ನೆಲೆಯನ್ನು ಬಿಟ್ಟುಕೊಟ್ಟಿಲ್ಲ.

ವೀರಕುಮಾರರ ಹೊಣೆಯ ಗುರುತ್ವವು ತಿಳಿಯುವುದು ಕರಗ ಹೊರುವವರ ಸ್ಥಿತಿಯನ್ನು ನೋಡಿದಾಗ. ದೇವಾಲಯದ ಅರ್ಚಕ ಮನೆತನಗಳಿಂದ ಆಯ್ಕೆಯಾದ ಅರ್ಚಕರು ದೀರ್ಘಕಾಲದ ಕಠಿಣ ವ್ರತದ ನಂತರ, ಅರಿಶಿನ ಬಣ್ಣದ ಸೀರೆ ಉಟ್ಟು, ಬಳೆ ತೊಟ್ಟು, ದೇವಿಯ ರೂಪದಲ್ಲಿ ಕರಗವನ್ನು ತಲೆಯ ಮೇಲೆ ಧರಿಸಿ, ಕೈಯಿಂದ ಮುಟ್ಟದೆ ಬೆಳಗಿನವರೆಗೆ ನಡೆಯುತ್ತಾರೆ. ಕರಗವು ಜಾರಿದರೆ, ಕಾಯಲೆಂದು ಸುತ್ತ ನಿಂತ ಅಲಗುಗಳೇ ಹೊತ್ತವರ ಮೇಲೆ ಎರಗಬೇಕೆಂಬುದು ಪರಂಪರೆಯ ಮಾತು. ಕಾವಲು ಮತ್ತು ಶಿಕ್ಷೆಗಳೆರಡನ್ನೂ ಒಂದೇ ಕೈಗೆ ಒಪ್ಪಿಸುವಾಗ, ಆ ಕೈ ಸಂಯಮವುಳ್ಳದ್ದಾಗಿರಬೇಕು. ವ್ರತದ ಬಿಗಿಗೆ ಇರುವ ಕಾರಣ ಇದೇ.

ಜಗತ್ತಿನ ಇತರ ಬಂಧುತ್ವದ ಸಂಘಗಳೊಡನೆ ಹೋಲಿಸಿದರೆ ಈ ಪದ್ಧತಿಯ ವೈಶಿಷ್ಟ್ಯವು ಇನ್ನಷ್ಟು ಸ್ಪಷ್ಟವಾಗುತ್ತದೆ. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಮಹಾಸಭೆಯನ್ನು ಕಟ್ಟಿಕೊಂಡ ಫ್ರೀಮೇಸನ್ನರಿಗೆ 1961ರಿಂದ ಭಾರತದಲ್ಲಿಯೂ ಸ್ವತಂತ್ರ ಮಹಾಸಭೆಯಿದೆ. ಅಲ್ಲಿ ಹೊಸಬನು ತಾನಾಗಿ ಬಯಸಿ ಬರಬೇಕು, ಇಬ್ಬರು ಸದಸ್ಯರು ಅವನ ಹೆಸರನ್ನು ಸೂಚಿಸಿ ಅನುಮೋದಿಸಬೇಕು, ಉಳಿದವರು ಬಿಳಿ ಅಥವಾ ಕಪ್ಪು ಗೋಲಿಗಳಿಂದ ಗುಟ್ಟಾಗಿ ಮತ ನೀಡಬೇಕು. ಸಭೆಯ ಬಾಗಿಲಲ್ಲಿ ಬಿಚ್ಚುಗತ್ತಿಯ ಕಾವಲುಗಾರನೂ ಇರುತ್ತಾನೆ. ಎರಡು ಕಡೆಯೂ ಕತ್ತಿ ಇದೆ, ದೀಕ್ಷೆ ಇದೆ, ಸೋದರಭಾವವಿದೆ. ಆದರೆ ಅಲ್ಲಿ ಅರ್ಹತೆಯನ್ನು ಸದಸ್ಯರು ಮುಚ್ಚಿದ ಬಾಗಿಲ ಹಿಂದೆ ಒಮ್ಮೆ ತೀರ್ಮಾನಿಸಿದರೆ, ಇಲ್ಲಿ ಅದನ್ನು ಪ್ರತಿ ಚೈತ್ರದಲ್ಲಿಯೂ ಬೀದಿಯ ನಡುವೆ ಹೊಸದಾಗಿ ಗಳಿಸಬೇಕು. ಹೋದ ವರ್ಷದ ವ್ರತವು ಈ ವರ್ಷದ ಅಲಗಿಗೆ ಆಧಾರವಾಗದು.

ಕಾವಲಿನ ಈ ಹಾದಿ ಒಂದೇ ಕುಲದ ಎಲ್ಲೆಯಲ್ಲಿ ನಿಲ್ಲುವುದಿಲ್ಲ. ಕರಗವು ಪೇಟೆಯ ದೇವಾಲಯಗಳ ಜೊತೆಗೆ ತವಕ್ಕಲ್ ಮಸ್ತಾನ್ ಸೂಫಿ ಸಂತರ ದರ್ಗಾಕ್ಕೂ ಭೇಟಿ ಕೊಡುತ್ತದೆ. ಅಲಗು ಹಿಡಿದವರೂ ಅಲ್ಲಿಗೆ ಜೊತೆಯಾಗಿಯೇ ಹೋಗುತ್ತಾರೆ. ಬಿಚ್ಚುಗತ್ತಿಯನ್ನು ಹಿಡಿದೂ ಇನ್ನೊಂದು ಧರ್ಮದ ಹೊಸ್ತಿಲಲ್ಲಿ ಗೌರವದಿಂದ ನಿಲ್ಲಬಲ್ಲವನು ಮಾತ್ರ ಆ ಕತ್ತಿಗೆ ಯೋಗ್ಯನೆಂಬ ಪಾಠವನ್ನು ಹೊಸ ವೀರಕುಮಾರನು ಆ ರಾತ್ರಿ ನಡೆಯುತ್ತಲೇ ಕಲಿಯುತ್ತಾನೆ.

ತೋಟಗಳು ಬಡಾವಣೆಗಳಾಗಿ, ತೋಟಗಾರರ ಮಕ್ಕಳು ಬೇರೆ ಬೇರೆ ವೃತ್ತಿಗಳಿಗೆ ಹಂಚಿಹೋಗಿರುವ ಇಂದಿನ ದಿನಗಳಲ್ಲಿಯೂ ಚೈತ್ರ ಬಂದೊಡನೆ ಅವರು ಧರ್ಮರಾಯನ ಗುಡಿಗೆ ಮರಳುತ್ತಾರೆ. ಮುಂದಿನ ಹುಣ್ಣಿಮೆಗೆ ಅವೆನ್ಯೂ ರಸ್ತೆಯ ಬದಿಯಲ್ಲಿ ಕಾದು ನಿಲ್ಲುವವರು, ಕರಗಕ್ಕೆ ಕೈಮುಗಿದ ಬಳಿಕ, ಅದರ ಸುತ್ತ ಅಲಗು ಹಿಡಿದು ಸಾಗುವ ಎಳೆಯರತ್ತಲೂ ಒಮ್ಮೆ ದೃಷ್ಟಿ ಹಾಯಿಸಬೇಕು. ಈ ಪರಂಪರೆಯ ಮುಂದಿನ ನಡೆ ಅವರ ವ್ರತನಿಷ್ಠೆಯ ಮೇಲೆ ನಿಂತಿದೆ.