ಆಪ್ರವಾಸಿ ಘಾಟ್: ಕೂಲಿಗಳು ಹತ್ತಿದ ಮೆಟ್ಟಿಲು, ಮೊಮ್ಮಕ್ಕಳು ಹುಡುಕುವ ಸಂಖ್ಯೆ

ಮಾರಿಷಸ್ ಎಂದರೆ ನೀಲಿ ಕಡಲು, ಬಿಳಿ ಮರಳು, ಮಧುಚಂದ್ರ ಎಂದುಕೊಂಡು ವಿಮಾನ ಹತ್ತುವ ಬಹುತೇಕ ಭಾರತೀಯರು ರಾಜಧಾನಿ ಪೋರ್ಟ್ ಲೂಯಿಯ ಬಂದರಿನಲ್ಲಿರುವ ಒಂದು ಪುಟ್ಟ ಕಲ್ಲುಕಟ್ಟಡದ ಆವರಣವನ್ನು ನೋಡದೆಯೇ ಹಿಂದಿರುಗುತ್ತಾರೆ. ಅದರ ಹೆಸರು ಆಪ್ರವಾಸಿ ಘಾಟ್. ಹೆಸರು ಕೇಳಿದ ಕನ್ನಡಿಗರು ಇದು ಪ್ರವಾಸಿಗರಿಗೆ ಸಂಬಂಧಿಸಿದ ಜಾಗವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಹಿಂದಿಯಲ್ಲಿ ಆಪ್ರವಾಸಿ ಎಂದರೆ ಹೊರಗಿನಿಂದ ವಲಸೆ ಬಂದವನು. ಘಾಟ್ ನಮ್ಮ ಸ್ನಾನಘಟ್ಟದ ಘಟ್ಟವೇ. 1987ರಲ್ಲಿ ಈ ಗೌರವದ ಹೆಸರು ಬರುವವರೆಗೆ ಜನರ ಬಾಯಲ್ಲಿ ಇದು ಕೂಲಿ ಘಾಟ್ ಆಗಿತ್ತು.

ಬ್ರಿಟಿಷ್ ಆಳ್ವಿಕೆಯ ಮಾರಿಷಸ್‌ನಲ್ಲಿ ಗುಲಾಮಗಿರಿ 1835ರ ಫೆಬ್ರುವರಿ 1ರಂದು ರದ್ದಾಯಿತು. ಕಬ್ಬಿನ ತೋಟಗಳ ಮಾಲೀಕರು ಅದಕ್ಕೂ ಮೊದಲೇ ಬೇರೆ ಕೈಗಳನ್ನು ಹುಡುಕಿಕೊಂಡಿದ್ದರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗು 36 ಭಾರತೀಯ ಕೂಲಿಗಳನ್ನು ಇಲ್ಲಿಗೆ ತಂದಿತು. ಗುಲಾಮರ ಬದಲಿಗೆ ಕರಾರಿನ ಕೂಲಿಗಳಿಂದ ತೋಟಗಳನ್ನು ನಡೆಸಬಹುದೇ ಎಂಬುದನ್ನು ನೋಡುವ ಈ ಯೋಜನೆಯನ್ನು ಬ್ರಿಟಿಷರು ‘ಮಹಾ ಪ್ರಯೋಗ’ ಎಂದು ಕರೆದರು. ಪ್ರಯೋಗ ಫಲಿಸಿತು, ಅಂದರೆ ತೋಟದ ಮಾಲೀಕರ ಪಾಲಿಗೆ. 1920ರ ವೇಳೆಗೆ ಕಲ್ಕತ್ತ, ಮದ್ರಾಸ್ ಹಾಗೂ ಬೊಂಬಾಯಿ ಬಂದರುಗಳಿಂದ ಹೊರಟು ಈ ದ್ವೀಪ ತಲುಪಿದವರ ಸಂಖ್ಯೆ ಐದು ಲಕ್ಷದ ಸಮೀಪಕ್ಕೆ ಬಂದಿತ್ತು. ಕೆಲವರನ್ನು ಇಲ್ಲಿಂದಲೇ ರಿಯೂನಿಯನ್, ಆಫ್ರಿಕ, ಕೆರಿಬಿಯನ್ ಕಡೆಗೂ ಸಾಗಿಸಲಾಯಿತು.

ಹಡಗಿನಿಂದ ಇಳಿದವರು ಕಲ್ಲಿನ ಮೆಟ್ಟಿಲು ಹತ್ತಿ 1849ರಲ್ಲಿ ನಿರ್ಮಾಣ ಆರಂಭವಾದ ವಲಸೆ ಡಿಪೊವನ್ನು ಪ್ರವೇಶಿಸುತ್ತಿದ್ದರು. ಇಂದು ನೋಡಲು ಉಳಿದಿರುವುದರಲ್ಲಿ ಆ ಮೆಟ್ಟಿಲುಗಳೇ ಮುಖ್ಯ. ಅವುಗಳಲ್ಲದೆ ಹೆಬ್ಬಾಗಿಲು, ಕಾವಲುಗಾರರ ಕೋಣೆ, ಆಸ್ಪತ್ರೆಯ ಭಾಗ, ವಲಸಿಗರ ಶೆಡ್ಡುಗಳ ಅವಶೇಷಗಳಿವೆ. 1865ರಲ್ಲಿದ್ದ ಡಿಪೊದ ಅರ್ಧ ಭಾಗವೂ ಈಗ ಇಲ್ಲ. ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ತಾಣದ ವಿಸ್ತೀರ್ಣ 1,640 ಚದರ ಮೀಟರ್ ಮಾತ್ರ. ಹಂಪಿಯನ್ನು ಕಂಡ ಕಣ್ಣಿಗೆ ಇದು ಏನೂ ಅಲ್ಲ ಎನಿಸಬಹುದು.

ಆದರೆ ಈ ತಾಣದ ಮಹತ್ವ ಕಲ್ಲಿಗಿಂತ ಕಾಗದದಲ್ಲಿದೆ. ಸಾಮಾನ್ಯವಾಗಿ ಎರಡು ದಿನ ಡಿಪೊದಲ್ಲಿದ್ದು ತೋಟಗಳಿಗೆ ಹಂಚಿಕೆಯಾಗುತ್ತಿದ್ದ ಪ್ರತಿಯೊಬ್ಬ ಕೂಲಿಗೂ ಒಂದು ಸಂಖ್ಯೆ ದೊರೆಯುತ್ತಿತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ಹಳ್ಳಿ ಎಲ್ಲವನ್ನೂ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. 1860ರ ದಶಕದಿಂದ ಭಾವಚಿತ್ರವೂ ಸೇರಿತು.

ಇದು ಕೂಲಿಗಳ ಒಳಿತಿಗಾಗಿ ಆದ ಏರ್ಪಾಡಾಗಿರಲಿಲ್ಲ. ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ ಕೂಲಿ. ಒಂದು ದಿನ ತಪ್ಪಿಸಿಕೊಂಡರೆ ಎರಡು ದಿನದ ಕೂಲಿ ಕಡಿತ. ಕರಾರು ಮುಗಿಸಿ ಸ್ವತಂತ್ರನಾದವನಿಗೂ ಬಿಡುಗಡೆಯಿರಲಿಲ್ಲ. 1867ರ ಕಾನೂನಿನಂತೆ ಆತ ಭಾವಚಿತ್ರವಿರುವ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ಅಲೆಮಾರಿ ಎಂಬ ಆರೋಪದ ಮೇಲೆ ಪೊಲೀಸರು ಬಂಧಿಸುತ್ತಿದ್ದರು. ಇದರ ವಿರುದ್ಧ 1871ರಲ್ಲಿ ಅಡಾಲ್ಫ್ ಡಿ ಪ್ಲೆವಿಟ್ಸ್ ಎಂಬ ಯುರೋಪಿಯನ್ ಸಿದ್ಧಪಡಿಸಿದ ಮನವಿಗೆ 9,401 ಮಂದಿ ಬೆಂಬಲ ಸೂಚಿಸಿದರು. ಬ್ರಿಟನ್ ವಿಚಾರಣಾ ಆಯೋಗವನ್ನು ಕಳುಹಿಸಿತು. ಮನವಿ ಬರೆದ ತಪ್ಪಿಗೆ ಡಿ ಪ್ಲೆವಿಟ್ಸ್ ತೋಟದ ಮಾಲೀಕರ ವರ್ಗದ ದ್ವೇಷ ಕಟ್ಟಿಕೊಂಡದ್ದು ಬೇರೆ ಮಾತು.

ಕೂಲಿಗಳನ್ನು ಕಟ್ಟಿಹಾಕಲು ಬರೆದ ಅದೇ ದಾಖಲೆಗಳನ್ನು ಈಗ ಅವರ ಮರಿಮಕ್ಕಳು ತಡಕುತ್ತಿದ್ದಾರೆ. ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರುವ ವಲಸೆ ದಾಖಲೆಗಳಲ್ಲಿ ಪೂರ್ವಜರ ಸಂಖ್ಯೆ ಸಿಕ್ಕರೆ ಹಡಗು, ಜಿಲ್ಲೆ, ಹಳ್ಳಿಯ ಜಾಡು ಸಿಗುತ್ತದೆ. ಕೂಲಿಯ ಹೆಸರೇ ಅನೇಕ ಮನೆತನಗಳಿಗೆ ಅಡ್ಡಹೆಸರಾಗಿರುವುದರಿಂದಲೂ ಗುಮಾಸ್ತರ ಕಾಗುಣಿತದಿಂದಲೂ ಹುಡುಕಾಟ ಸುಲಭವಲ್ಲ. ಆದರೂ ಬೇಡಿಕೆ ಇದೆ. ಭಾರತೀಯ ಮೂಲದ ಏಳನೇ ತಲೆಮಾರಿನ ಮಾರಿಷಸ್ ಪ್ರಜೆಗಳೂ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ ಅರ್ಹರೆಂದು ರಾಷ್ಟ್ರಪತಿ ದ್ರೌಪದಿ ಮುರ್ಮು 2024ರ ಮಾರ್ಚ್‌ನಲ್ಲಿ ಆ ದೇಶಕ್ಕೆ ಭೇಟಿ ನೀಡಿದಾಗ ಪ್ರಕಟಿಸಿದರು. ಭಾರತೀಯ ಮೂಲವನ್ನು ರುಜುವಾತುಪಡಿಸಲು ಹಳೆಯ ಕಡತಗಳೇ ಆಧಾರ.

ಸ್ವತಂತ್ರ ಮಾರಿಷಸ್‌ನ ಮೊದಲ ಪ್ರಧಾನಿ ಶಿವಸಾಗರ್ ರಾಮ್‌ಗುಲಾಂ ಅವರ ತಂದೆಯೂ ಬಿಹಾರದಿಂದ ಕೂಲಿಯಾಗಿ ಬಂದವರೇ.

ಘಾಟ್‌ಗೆ ಹೋಗುವವರು ಮೊದಲು ಅಲ್ಲಿನ ಬಿಕ್ರಮ್‌ಸಿಂಗ್ ರಾಮಲಾಲ ಮಾಹಿತಿ ಕೇಂದ್ರವನ್ನು ನೋಡುವುದು ಒಳ್ಳೆಯದು. ಇಲ್ಲವಾದರೆ ಹೊರಗಿನ ಗೋಡೆಗಳು ಬರಿಯ ಗೋಡೆಗಳಾಗಿಯೇ ಕಾಣುತ್ತವೆ. 2014ರಲ್ಲಿ ತೆರೆದ ಈ ವಸ್ತುಸಂಗ್ರಹಾಲಯಕ್ಕೆ ಹೆಸರಾದ ರಾಮಲಾಲ ಪತ್ರಕರ್ತರು, ‘ಮಾರಿಷಸ್ ಟೈಮ್ಸ್’ ಸ್ಥಾಪಿಸಿದವರು. ತಾಣದ ರಕ್ಷಣೆಗಾಗಿ ದನಿ ಎತ್ತಿದವರಲ್ಲಿ ಅವರು ಪ್ರಮುಖರು. ಹಡಗಿನ ಪಯಣ, ಡಿಪೊದ ದಿನಚರಿ, ತೋಟದ ಬದುಕನ್ನು ಇಲ್ಲಿ ವಿವರಿಸಲಾಗಿದೆ. ‘ಅಟ್ಲಾಸ್’ ಬಂದ ನವೆಂಬರ್ 2 ಮಾರಿಷಸ್‌ನಲ್ಲಿ ಸಾರ್ವಜನಿಕ ರಜಾದಿನ. ಅಂದು ಘಾಟ್‌ನಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ.