ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸ್ಟುಡಿಯೊ ಆದೀತೆ?

ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕುವವರು, ಕಥೆ ಓದಿ ಆಡಿಯೊ ಪುಸ್ತಕ ಮಾಡುವವರು, ಪಾಡ್‌ಕಾಸ್ಟ್ ನಡೆಸುವವರು, ಇವರಲ್ಲಿ ಬಹಳ ಮಂದಿಯ ಸ್ಟುಡಿಯೊ ಎಂದರೆ ಮನೆಯ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಸಿಮೆಂಟ್ ಗಾರೆಯ ಗೋಡೆ, ಆರ್‌ಸಿಸಿ ಚಾವಣಿ, ವಿಟ್ರಿಫೈಡ್ ಟೈಲ್ಸಿನ ನೆಲ: ಆರು ಕಡೆಯೂ ಗಟ್ಟಿ, ಆರು ಕಡೆಯೂ ನುಣುಪು. ತಾಗಿದ ದನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರಿ ಉಳಿದದ್ದನ್ನು ಇವು ವಾಪಸ್ ಎಸೆಯುತ್ತವೆ. ಇದನ್ನು ಸರಿಪಡಿಸಲು ಹೊರಟವರಿಗೆ ಪುಕ್ಕಟೆ ಸಿಗುವ ಸಲಹೆಗಳಲ್ಲಿ ಕೆಲವು ದುಡ್ಡು ಕಳೆಯುವಂಥವು, ಒಂದೆರಡು ಅಪಾಯಕಾರಿಯೂ ಹೌದು.

“ಗೋಡೆಗೆ ಮೊಟ್ಟೆ ಟ್ರೇ ಅಥವಾ ಫೋಮ್ ಅಂಟಿಸಿದರೆ ಹೊರಗಿನ ಸದ್ದು ಬರುವುದಿಲ್ಲ”

ಬರುತ್ತದೆ. ಹೊರಗಿನ ಸದ್ದನ್ನು ತಡೆಯುವುದು ಒಂದು ಕೆಲಸ, ಒಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಮರಳದಂತೆ ಹೀರುವುದು ಬೇರೆಯೇ ಕೆಲಸ. ತಡೆಯಲು ಬೇಕಾದದ್ದು ತೂಕ ಮತ್ತು ಸಂದಿಯಿಲ್ಲದ ಮುಚ್ಚಿಗೆ. ಗೋಡೆಯ ತೂಕ ಇಮ್ಮಡಿಯಾದರೆ ಆಚೆ ದಾಟುವ ಸದ್ದು ಸುಮಾರು 5-6 ಡೆಸಿಬಲ್ ಇಳಿಯುತ್ತದೆ. ಊದಿದರೆ ಹಾರುವ ಟ್ರೇ ಇಟ್ಟಿಗೆ ಗೋಡೆಗೆ ಯಾವ ತೂಕ ಸೇರಿಸೀತು? ಹೀರುವುದರಲ್ಲೂ ಅದರ ಶಕ್ತಿ ತಾರಸ್ಥಾಯಿಯ ಆಸುಪಾಸಿಗೇ ಮುಗಿಯುತ್ತದೆ.

ಸದ್ದು ನುಸುಳುವುದು ಹೆಚ್ಚಾಗಿ ಬಾಗಿಲ ಕೆಳಗಿನ ಸಂದಿಯಿಂದ, ಸ್ಲೈಡಿಂಗ್ ಕಿಟಕಿಯ ಬಿರುಕಿನಿಂದ. ಗೋಡೆಯ ಹರವಿನಲ್ಲಿ ನೂರನೇ ಒಂದು ಪಾಲು ತೆರೆದಿದ್ದರೂ, ಉಳಿದ ಭಾಗ ಎಷ್ಟೇ ದಪ್ಪವಿರಲಿ, 20 ಡೆಸಿಬಲ್‌ಗಿಂತ ಹೆಚ್ಚಿನ ತಡೆ ಸಿಗದು. ಹಾಗಾಗಿ ಮೊದಲ ಖರ್ಚು ಬಾಗಿಲ ಚೌಕಟ್ಟಿನ ರಬ್ಬರ್ ಪಟ್ಟಿಗೆ. ಆಮೇಲೂ ಬಸ್ಸಿನ ಗುಡುಗು ಕೇಳಿಸುತ್ತದೆ. ಅದಕ್ಕೆ ಅಗ್ಗದ ಮದ್ದಿಲ್ಲ. ಬೆಳಗಿನ ಜಾವ ಎದ್ದು ರೆಕಾರ್ಡ್ ಮಾಡಬೇಕು.

ಇನ್ನು ಅಪಾಯದ ಮಾತು. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ಬಾಣಬಿರುಸಿನ ಕಿಡಿ ವೇದಿಕೆಯ ಪಾಲಿಯುರೆಥೇನ್ ಫೋಮಿಗೆ ತಗುಲಿ 100 ಮಂದಿ ಸತ್ತರು. ಆ ಫೋಮ್ ಅಂಟಿಸಿದ್ದು ಅಕ್ಕಪಕ್ಕದವರಿಗೆ ಸದ್ದು ಕೇಳಿಸದಿರಲಿ ಎಂದು. ಅದಕ್ಕೆ ಆ ಕೆಲಸವೂ ಬಾರದು! 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ಕ್ಲಬ್‌ನಲ್ಲೂ ಚಾವಣಿಯ ಫೋಮಿಗೇ ಬೆಂಕಿ ಹತ್ತಿತು, ಸತ್ತವರು 242. ಎಕ್ಸ್‌ಟೆನ್ಷನ್ ಬಾಕ್ಸು, ಚಾರ್ಜರುಗಳಿಂದ ತುಂಬಿದ ಕೋಣೆಯ ನಾಲ್ಕೂ ಗೋಡೆಗೆ ಪ್ಯಾಕಿಂಗ್ ಫೋಮ್ ಹೊದಿಸುವ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

“ಫೋಮ್ ಹೆಚ್ಚು ಹಚ್ಚಿದಷ್ಟೂ ದನಿ ಶುದ್ಧ”

ಎಷ್ಟು ಜಾಗಕ್ಕೆ ಹಚ್ಚಿದಿರಿ ಎನ್ನುವುದಕ್ಕಿಂತ ಎಷ್ಟು ದಪ್ಪ ಎನ್ನುವುದು ದೊಡ್ಡ ಪ್ರಶ್ನೆ. ನಾರಿನ ವಸ್ತುವಿನೊಳಗೆ ಗಾಳಿ ಹಿಂದೆ ಮುಂದೆ ಓಡಾಡುವಾಗ ತಿಕ್ಕಾಟವಾಗಿ ದನಿಯ ಶಕ್ತಿ ಶಾಖವಾಗುತ್ತದೆ. ಗೋಡೆಯ ಮೈಗೆ ಅಂಟಿದಲ್ಲಿ ಆ ಓಡಾಟ ಇಲ್ಲವೇ ಇಲ್ಲ. ಅಲೆಯ ಉದ್ದದ ಕಾಲು ಪಾಲಿನಷ್ಟು ಈಚೆ ಬಂದರೆ ಅತಿ ಹೆಚ್ಚು. 1000 ಹರ್ಟ್ಸ್ ಅಲೆಯ ಉದ್ದ 34 ಸೆಂ.ಮೀ., 100 ಹರ್ಟ್ಸ್‌ನದ್ದು 3.4 ಮೀಟರ್. ಒಂದಿಂಚಿನ ಫೋಮಿಗೆ ‘ಸ’ಕಾರ ‘ಶ’ಕಾರಗಳ ಚೂಪು ಸಿಗುತ್ತದೆಯೇ ಹೊರತು ಮಂದ್ರದ ಗುಂಯ್‌ಗುಡುವಿಕೆ ಸಿಗುವುದಿಲ್ಲ. ಮೇಲಿನದ್ದೆಲ್ಲ ಅಳಿಸಿ ಕೆಳಗಿನದ್ದು ಉಳಿದಾಗ ದನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ.

ಹತ್ತಡಿ ಚೌಕದ ಕೋಣೆಗೆ ಇನ್ನೊಂದು ಶಾಪವಿದೆ. ಎದುರು ಬದುರು ಗೋಡೆಗಳ ನಡುವೆ 56, 112, 169 ಹರ್ಟ್ಸ್‌ನ ಅಲೆಗಳು ನಿಂತುಬಿಡುತ್ತವೆ. ಚಾವಣಿಯೂ ಹತ್ತಡಿ ಎತ್ತರದಲ್ಲಿದ್ದರೆ ಮೂರೂ ದಿಕ್ಕಿನವು ಒಂದೇ ಸ್ವರದ ಮೇಲೆ ಕೂತು ಅದನ್ನು ಉಬ್ಬಿಸುತ್ತವೆ. ಗಂಡು ದನಿಯ ಮಾತು ಓಡಾಡುವುದೇ 112ರ ಆಸುಪಾಸು. ಈ ಅಲೆಗಳ ಒತ್ತಡ ಹೆಚ್ಚಿರುವುದು ಮೂಲೆಗಳಲ್ಲಿ. ದಪ್ಪದ ಹೀರುಕ ಅಲ್ಲಿಗೇ ಹೋಗಬೇಕು.

ಬಾಯ್ಲರ್ ಸುತ್ತ ಶಾಖ ಉಳಿಸಲು ಕಟ್ಟುವ ರಾಕ್‌ವೂಲ್ ಇದಕ್ಕೆ ಸರಿಯಾದ ಸರಕು, ಬೆಂಕಿಯೂ ಹತ್ತದು. ಘನ ಮೀಟರಿಗೆ 48 ಕಿಲೊ ಸಾಂದ್ರತೆಯ, 50 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಮರದ ಚೌಕಟ್ಟು ಬಡಿಸಿ, ಬಾಯಿಟ್ಟು ಊದಿದರೆ ಗಾಳಿ ದಾಟುವಂಥ ಹತ್ತಿ ಬಟ್ಟೆ ಹೊದಿಸಿದರಾಯಿತು. ಕತ್ತರಿಸುವಾಗ ಮಾಸ್ಕ್, ಗ್ಲೌಸ್ ಕಡ್ಡಾಯ, ತುರಿಕೆ ಕೆಟ್ಟದ್ದು. ಗೋಡೆಯಿಂದ ನಾಲ್ಕಿಂಚು ಈಚೆ ತೂಗಿಸಿದರೆ ಆ ಖಾಲಿ ಜಾಗವೂ ಮಂದ್ರವನ್ನು ಹೀರಲು ನೆರವಾಗುತ್ತದೆ. ಅಷ್ಟೂ ಬೇಡವೆಂದರೆ ಅಟ್ಟದ ಮೇಲಿನ ಹಳೆಯ ಹತ್ತಿ ಹಾಸಿಗೆಯನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿ. ಹಳೆ ಸೀರೆಗಳ ಪದರ ಪದರ ಹೊಲಿದ ಉತ್ತರ ಕರ್ನಾಟಕದ ಕೌದಿಯನ್ನು ಗೋಡೆಯಿಂದ ಗೇಣಗಲ ಬಿಟ್ಟು ಇಳಿಬಿಡಿ. ಮಾತಿನ ಮಟ್ಟಿಗೆ ತೆಳು ಫೋಮಿಗಿಂತ ವಾಸಿ.

ಇದೇನೂ ಬಡವರ ಜುಗಾಡ್ ಅಲ್ಲ. 1895ರಲ್ಲಿ ಹಾರ್ವರ್ಡ್‌ನ ವ್ಯಾಲೇಸ್ ಸಬೀನ್ ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೋಣೆಯನ್ನು ಸರಿಪಡಿಸಲು ಹೊರಟಾಗ ಹೊತ್ತು ತಂದದ್ದು ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನೇ. ಆ ಪ್ರಯೋಗದಿಂದ ಹುಟ್ಟಿದ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಗುಂಯ್‌ಗುಡುವಿಕೆಯ ಸೆಕೆಂಡುಗಳು ಸಿಗುತ್ತವೆ. ನಮ್ಮ ಖಾಲಿ ಕೋಣೆ 1000 ಘನ ಅಡಿ. ಮೈ 600 ಚದರಡಿ, ಶೇ. 3ರಂತೆ ಹೀರುವಿಕೆ 18. ಉತ್ತರ 2.7 ಸೆಕೆಂಡು. ನಾಲ್ಕಡಿ-ಎರಡಡಿಯ ಆರು ಪ್ಯಾನೆಲ್ ತೂಗಿಸಿದರೆ 0.8ಕ್ಕೆ ಇಳಿಯುತ್ತದೆ. ಇಷ್ಟು ಚಿಕ್ಕ ಕೋಣೆಯಲ್ಲಿ ಈ ಲೆಕ್ಕ ಒರಟೇ, ಆದರೂ ಅಂದಾಜಿಗೆ ಸಾಕು. ಮಂಚದ ಹಾಸಿಗೆ, ಬಟ್ಟೆ ತುಂಬಿದ ತೆರೆದ ಕಪಾಟು ಸೇರಿದರೆ ಇನ್ನೂ ಇಳಿಯುತ್ತದೆ. ಬಟ್ಟೆ ಒಣಹಾಕಿದ ಮಲಗುವ ಕೋಣೆ ಎಷ್ಟೋ ಸಲ ‘ಸ್ಟುಡಿಯೊ’ವನ್ನು ಸೋಲಿಸುವುದು ಇದಕ್ಕೇ.

“ಮೈಕಿನ ಹಿಂದೆ ಫೋಮ್ ಗುರಾಣಿ ಇಟ್ಟರೆ ಸಾಕು”

ಹಾಡುವವರು ಬಳಸುವ ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಬಗೆಯವು. ಬೆನ್ನ ಹಿಂದಿನಿಂದ ಬರುವ ಸದ್ದಿಗೆ ಅವು ಬಹುತೇಕ ಕಿವುಡು. ಮೈಕಿನ ಮುಖ ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು. ಇರುವುದು ಒಂದೇ ಕೌದಿಯಾದರೆ ಅದು ನಿಮ್ಮ ಬೆನ್ನ ಹಿಂದೆ ಇರಲಿ.

“ದುಬಾರಿ ಮೈಕ್ ತಂದರೆ ಕೋಣೆಯ ದೋಷ ಮುಚ್ಚಿಹೋಗುತ್ತದೆ”

ತಿರುಗುಮುರುಗು. ಸೂಕ್ಷ್ಮವಾದ ಮೈಕ್ ಕೋಣೆಯನ್ನೂ ಅಷ್ಟೇ ಸೂಕ್ಷ್ಮವಾಗಿ ಹಿಡಿಯುತ್ತದೆ. ಅದರ ಬದಲು ಮೈಕಿನ ಸನಿಹಕ್ಕೆ ಬನ್ನಿ, ಖರ್ಚಿಲ್ಲ. ದೂರ ಅರ್ಧವಾದರೆ ನೇರ ದನಿ 6 ಡೆಸಿಬಲ್ ಏರುತ್ತದೆ, ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಒಂದು ಗೇಣು ಹದವಾದ ಅಂತರ. ಇನ್ನೂ ಮುಂದೆ ಹೋದರೆ ಮಂದ್ರ ಉಬ್ಬಿ, ಪ, ಫ, ಭ ಬಂದಾಗಲೆಲ್ಲ ‘ಢಬ್’ ಎನ್ನುತ್ತದೆ.

“ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ”

ಫ್ಯಾನಿನ ಒಂದೇ ಸಮನೆಯ ಗುಯ್ ಸದ್ದನ್ನು ತಕ್ಕಮಟ್ಟಿಗೆ ತೆಗೆಯುತ್ತದೆ. ಮಾರ್ದನಿಯ ಕತೆ ಬೇರೆ: ಅದೂ ನಿಮ್ಮದೇ ದನಿ, ತಡವಾಗಿ ಬಂದದ್ದು. ಎರಡನ್ನೂ ಬಿಡಿಸುವಾಗ ಅಕ್ಷರಗಳ ಬಾಲ ಕತ್ತರಿಸಿ ಮಾತು ಲೋಹದಂತಾಗುತ್ತದೆ. ಒಣ ದನಿಗೆ ಆಮೇಲೆ ಬೇಕಾದಷ್ಟು ರಿವರ್ಬ್ ಸೇರಿಸಬಹುದು. ಫ್ಯಾನನ್ನಂತೂ ಆರಿಸಿಯೇ ಕೂರಿ, ಪಕ್ಕದ ಕೋಣೆಯ ಫ್ರಿಜ್ಜನ್ನೂ. ಮತ್ತೆ ಹಾಕಲು ಮರೆಯುವವರು ಸ್ಕೂಟರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಲಿ.